‘ನಾನೇ ಕಟ್ಟಿದೆ’ ಎನ್ನುವ ಮುನ್ನ

ನಮ್ಮ ಕಡೆಯ ಹಳೆಯ ಮನೆಗಳಿಗೆ ಎರಡು ಮುಖ. ಮುಂದೆ ಅಂಗಳ, ಹಿಂದೆ ಹಿತ್ತಲು. ಅಂಗಳದಲ್ಲಿ ತುಳಸಿಕಟ್ಟೆ, ರಂಗೋಲಿ, ಅದಕ್ಕೆ ತಾಗಿ ನೆಂಟರು ಬಂದು ಕೂರುವ ಜಗಲಿ. ಹಿತ್ತಲಿನಲ್ಲಿ ಒಗೆಯುವ ಕಲ್ಲು, ಬಚ್ಚಲೊಲೆ, ಸೌದೆ ಕೊಟ್ಟಿಗೆ, ಬೂದಿಗುಂಡಿ, ಕಾಯಿ ಸುಲಿಯಲು ನೆಲಕ್ಕೆ ನೆಟ್ಟ ಹಾರೆ. ಮದುವೆ, ಮುಂಜಿ, ಪಂಚಾಯಿತಿಕೆ ಎಲ್ಲ ಮುಂದೆ. ಅವೆಲ್ಲ ನಡೆಯಲು ಬೇಕಾದ ದುಡಿಮೆ ಹಿಂದೆ. ಮನೆಯ ಹೆಂಗಸರ ದಿನದ ಬಹುಪಾಲು ಕಳೆಯುತ್ತಿದ್ದುದು ಹಿತ್ತಲಿನಲ್ಲಿ. ಜಗಲಿ ಏರಲು ಜಾತಿ ಬಿಡದವರು ಬಂದು ನಿಲ್ಲುತ್ತಿದ್ದುದೂ ಅಲ್ಲೇ. ಮನೆಯ ಮಾನ ಈ ಕಡೆ, ಮನೆಯ ಕೆಲಸ ಆ ಕಡೆ ಎಂದು ಕಟ್ಟಡವೇ ಪಾಲು ಮಾಡಿಟ್ಟಿತ್ತು.

ಇಂದಿನ ಪೇಟೆಯ ಮನೆಗಳಲ್ಲಿ ಹಿತ್ತಲು ಇಲ್ಲವಾಗಿದೆ. 30×40ರ ನಿವೇಶನದಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬರು ನುಸುಳುವಷ್ಟು ಸಂದು ಉಳಿದರೆ ಹೆಚ್ಚು. ಹಿತ್ತಲಿನ ಜೊತೆಗೆ ಕೆಲಸವೂ ಮನೆಯನ್ನು ಬಿಟ್ಟು ಹೋಯಿತು. ಕಾಲು ಮುರಿದ ಕುರ್ಚಿ ಗುಜರಿಗೆ ಹೋಗುತ್ತದೆ, ಹಿಡಿ ಸಡಿಲವಾದ ಕತ್ತಿಯ ಜಾಗಕ್ಕೆ ಹೊಸದು ಬರುತ್ತದೆ. ಮಾಡುವವರು ಎಲ್ಲೋ ಇದ್ದಾರೆ, ಕೊಳ್ಳುವವರು ಇಲ್ಲಿದ್ದಾರೆ. ಇವರಿಬ್ಬರ ನಡುವೆ ಗುರುತು ಪರಿಚಯ ಏನೂ ಉಳಿದಿಲ್ಲ.

ಇಂಥ ಹೊತ್ತಿನಲ್ಲಿ, ಹಿಂದೆ ಒಂದಿಷ್ಟು ನೆಲ ಉಳಿಸಿಕೊಂಡವರಲ್ಲಿ ಕೆಲವರಿಗೆ ಒಂದು ಆಸೆ ಹುಟ್ಟುತ್ತದೆ: ಅಲ್ಲೊಂದು ಪುಟ್ಟ ಕೆಲಸದ ಕೊಟ್ಟಿಗೆ ಕಟ್ಟಬೇಕು. ಗರಗಸ, ಉಳಿ, ಹತ್ತರಿ ಇಟ್ಟುಕೊಂಡು ಏನಾದರೂ ಮಾಡಬೇಕು. ಆ ಕೊಟ್ಟಿಗೆಯನ್ನೂ ಪಾಯದಿಂದ ಮಾಡಿನವರೆಗೆ ನಾನೇ ಕಟ್ಟಬೇಕು. ಬದುಕಿನ ಬಹುಭಾಗವನ್ನು ಸೀಮೆಸುಣ್ಣ ಹಿಡಿದು ಕಳೆದ ನನಗೂ ಈ ಆಸೆ ಹುಟ್ಟಿತು. ಪುತ್ತೂರಿನ ಕಡೆಯ ನಮ್ಮ ಮನೆಯ ಹಿಂದೆ, ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡಿನೊಂದಿಗೆ ಎದ್ದು ನಿಂತಿತು.

ಬಲ್ಲ ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದರೆ ಇದಕ್ಕೆ ಕೆಲವೇ ದಿನ ಸಾಕು. ಗೋಡೆ ಇನ್ನೂ ನೇರ, ಸಂದುಗಳು ಇನ್ನೂ ಸಮ. ಹಾಗಿರುವಾಗ ಕಟ್ಟುವ ಕಸುಬಿಲ್ಲದ ಮನುಷ್ಯ ತಾನೇ ಕಟ್ಟಬೇಕೆಂದು ಹಂಬಲಿಸುವುದೇಕೆ? ಹಣ ಉಳಿಸಲು ಎಂಬ ಉತ್ತರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹವ್ಯಾಸ ಎಂದರೆ ಪ್ರಶ್ನೆಯನ್ನೇ ಮುಚ್ಚಿಟ್ಟ ಹಾಗಾಗುತ್ತದೆ. ಕಟ್ಟುತ್ತಿದ್ದಾಗಲೂ, ಕಟ್ಟಿ ಮುಗಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದರ ಬೆನ್ನು ಹಿಡಿದು ಹೋದಂತೆ, ಹೊರಟ ಜಾಗಕ್ಕಿಂತ ಬಹಳ ಬೇರೆಯಾದ ಒಂದು ಜಾಗಕ್ಕೆ ಬಂದು ನಿಂತಿದ್ದೇನೆ.

ಮೊದಲು ನೆಲದಿಂದ ಶುರುಮಾಡೋಣ. ಕರಾವಳಿಯಲ್ಲಿ ಕಟ್ಟಲು ಹೊರಟವರು ಮೊದಲು ನೋಡಬೇಕಾದ್ದು ಮಳೆನೀರು ಹರಿಯುವ ದಿಕ್ಕನ್ನು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಾಲ್ಕು ತಿಂಗಳಲ್ಲೇ. ನೀರಿನ ದಾರಿಗೆ ಅಡ್ಡ ಕಟ್ಟಿದ್ದು ಉಳಿಯದು. ಬೇಸಿಗೆಯಲ್ಲಿ ಸಪಾಟಾಗಿ ಕಂಡ ಹಿತ್ತಲಿಗೆ ಎಷ್ಟು ಇಳಿಜಾರಿದೆ ಎಂಬುದು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದಾಗ ತಿಳಿಯುತ್ತದೆ. ಪೈಪಿನ ಒಂದು ತುದಿ ಈ ಗೂಟದ ಬಳಿ, ಇನ್ನೊಂದು ತುದಿ ಆ ಗೂಟದ ಬಳಿ. ನಡುವಿನ ಪೈಪು ಹೇಗೆ ಬಿದ್ದಿದ್ದರೂ, ಒಳಗೆ ಗಾಳಿಗುಳ್ಳೆ ಇಲ್ಲದಿದ್ದರೆ, ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ದಿನವೂ ನಡೆದಾಡಿದ ನೆಲ ನನ್ನ ಕಣ್ಣಿಗೆ ತೋರಿಸದಿದ್ದುದನ್ನು ಒಂದು ಲೋಟ ನೀರು ತೋರಿಸಿತು.

ಆಮೇಲೆ ಮೂಲೆ. ಗೂಟ ಹೊಡೆದು ದಾರ ಕಟ್ಟಿ, ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಮಾಡಬೇಕು. ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವವರೆಗೆ ದಾರ ಸರಿಸಬೇಕು. ಬಂದರೆ ಮೂಲೆ ಮಟ್ಟವಾಯಿತು. ನಮ್ಮೂರಿನ ಯಾವ ಮೇಸ್ತ್ರಿಯಾದರೂ ಮಾಡುವ ಕೆಲಸ ಇದು. ಯಜ್ಞವೇದಿ ಕಟ್ಟಲು ಹಗ್ಗದಿಂದ ಅಳೆಯುವ ವಿಧಾನ ಹೇಳುವ ಬೌಧಾಯನ ಶುಲ್ಬಸೂತ್ರದಲ್ಲೂ 3 ಮತ್ತು 4ರ ಈ ಜೋಡಿ ಇದೆ. ನಾನು ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಪೈಥಾಗೊರಸನ ಪ್ರಮೇಯ ಎಂದು ಕರಿಹಲಗೆಯ ಮೇಲೆ ಹೇಳಿಕೊಟ್ಟವನು. ಮಣ್ಣಿನ ಮೇಲೆ ದಾರ ಎಳೆದು, ಐದು ಅಡಿ ಬಂದು ನಿಂತ ಕ್ಷಣದಲ್ಲಿ ಅದು ಬೇರೆಯೇ ಜ್ಞಾನವಾಯಿತು. ಕರಿಹಲಗೆಯ ಮೇಲೆ ಅದನ್ನು ಒಪ್ಪಿದ್ದೆ. ಇಲ್ಲಿ ಅದರ ಮೇಲೆ ಗೋಡೆಯನ್ನೇ ನಿಲ್ಲಿಸಬೇಕಿತ್ತು.

ಒಪ್ಪುವುದಕ್ಕೂ ನಿಲ್ಲಿಸುವುದಕ್ಕೂ ಇರುವ ಈ ಅಂತರದಲ್ಲಿ ನನ್ನ ಪ್ರಶ್ನೆಯ ಮೊದಲ ಉತ್ತರ ಸಿಕ್ಕಿತು. ಮಾತಿನ ಲೋಕದಲ್ಲಿ ಬದುಕುವವರಿಗೆ, ಪಾಠ ಮಾಡುವವರು, ಬರೆಯುವವರು, ಕಚೇರಿಯಲ್ಲಿ ಕಡತ ನೋಡುವವರು ಯಾರಿಗೇ ಆಗಲಿ, ‘ಇಲ್ಲ’ ಎನ್ನುವ ಎದುರಾಳಿ ಮನುಷ್ಯನೇ ಆಗಿರುತ್ತಾನೆ. ಮನುಷ್ಯನನ್ನು ಒಲಿಸಬಹುದು, ವಾದದಲ್ಲಿ ಸೋಲಿಸಬಹುದು, ಕಾಯಿಸಿ ಸುಸ್ತು ಮಾಡಬಹುದು. ಗೋಡೆಯ ನೇರ ನೋಡಲು ದಾರದಲ್ಲಿ ಇಳಿಬಿಡುವ ತೂಗುಗುಂಡಿನ ಎದುರು ಇವು ಯಾವುವೂ ನಡೆಯುವುದಿಲ್ಲ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಕಟ್ಟಿದವರೂ ದಾರಕ್ಕೆ ಭಾರ ಕಟ್ಟಿ ಹೀಗೆಯೇ ನೋಡಿದರು. ಭೂಮಿ ಎಳೆಯುವ ದಿಕ್ಕು ಅವರಿಗೂ ನಮಗೂ ಒಂದೇ. ಗೋಡೆ ದಾರದಿಂದ ಅರ್ಧ ಬೆರಳು ಸರಿದಿದ್ದರೆ ಸರಿದಿದೆ, ಅಷ್ಟೆ. ಹೀಗೆ ಯಾರ ಮುಲಾಜಿಗೂ ಬೀಳದ ಒಂದು ಸತ್ಯದ ಮುಂದೆ ನಿಲ್ಲಬೇಕೆಂಬ ಹಸಿವು ಓದು ಬರಹದ ಬದುಕಿನಲ್ಲಿ ಒಳಗೊಳಗೇ ಬೆಳೆಯುತ್ತಿರುತ್ತದೆ ಎಂದು ನನಗನಿಸುತ್ತದೆ. ಸ್ವತಃ ಕಟ್ಟಬೇಕೆನ್ನುವ ಹಂಬಲದ ಬೇರು ಅಲ್ಲಿದೆ.

ಗೋಡೆ ಏಳತೊಡಗಿದಾಗ ಎರಡನೆಯ ಉತ್ತರ ಸಿಕ್ಕಿತು. ನಮ್ಮ ಕೆಂಪುಕಲ್ಲು ವಿಚಿತ್ರ ಗುಣದ ಕಲ್ಲು. ಮಳೆ, ಬಿಸಿಲು ಒಂದಾದ ಮೇಲೊಂದರಂತೆ ಬರುವ ಉಷ್ಣದ ನಾಡುಗಳಲ್ಲಿ ಯುಗಯುಗಗಳ ನೀರು ಬಂಡೆಯೊಳಗಿನ ಸಿಲಿಕಾ ಮತ್ತಿತರ ಅಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದೆ ಉಳಿಯುತ್ತವೆ. ಹಾಗೆ ಉಳಿದದ್ದು ಈ ಕಲ್ಲು. ನೆಲದೊಳಗೆ ತೇವವಿರುವಾಗ ಮೃದು, ಕಡಿದು ಹೊರಗೆ ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಮಲಬಾರಿನ ಅಂಗಾಡಿಪುರದ ಬಳಿ ಕಂಡ ಇದೇ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ವಿಜ್ಞಾನಕ್ಕೆ ಅದು ಹೊಸತು. ಕೋರೆಯಲ್ಲಿ ಕಡಿದು, ಒಣಗಿಸಿ, ಮನೆ, ಗುಡಿ, ಬಾವಿ ಕಟ್ಟುತ್ತಿದ್ದವರಿಗೆ ಅದರ ಗುಣವೆಲ್ಲ ಮೊದಲೇ ಗೊತ್ತಿತ್ತು.

ಒಂದು ಕಲ್ಲು ಸುಮಾರು 30 ಕಿಲೋ ತೂಗುತ್ತದೆ. ಎತ್ತುವಾಗ ಬೆನ್ನು, ಇಡುವಾಗ ಬೆರಳು, ಸರಿಪಡಿಸುವಾಗ ಕಣ್ಣು ಎಲ್ಲ ಒಟ್ಟಿಗೆ ಎಚ್ಚರವಿರಬೇಕು. ಕೆಳಗಿನ ಸಾಲಿನ ಎರಡು ಕಲ್ಲುಗಳ ಸಂದಿನ ಮೇಲೆ ಮೇಲಿನ ಸಾಲಿನ ಕಲ್ಲಿನ ನಡುಭಾಗ ಬರಬೇಕು; ಸಂದಿನ ನೇರಕ್ಕೆ ಸಂದು ಬಂದರೆ ಗೋಡೆ ಅಲ್ಲೇ ಬಿರಿಯುತ್ತದೆ. ನೆರೆಯ ಹಿರಿಯ ಮೇಸ್ತ್ರಿಯೊಬ್ಬರು ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನಿಂತು ನೋಡುತ್ತಿದ್ದರು. ಮೊದಲ ದಿನವೇ ಅವರು ಹೇಳಿದ್ದು: “ಮಾಷ್ಟ್ರೇ, ಇಡುವ ಮೊದಲು ಕಲ್ಲಿಗೆ ನೀರು ಕುಡಿಸಿ. ಇಲ್ಲದಿದ್ರೆ ಅದು ಗಾರೆಯ ನೀರು ಎಳ್ಕೊಳ್ತದೆ. ಮತ್ತೆ ಸಿಮೆಂಟಿಗೆ ಎಂಥ ಉಳಿತದೆ?”

ಆ ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಇದೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ನಿಜವಾಗಿ ಅದು ನೀರಿನೊಡನೆ ಸೇರಿ ಹೊಸ ಹರಳುಗಳನ್ನು ಕಟ್ಟಿಕೊಳ್ಳುತ್ತ ಗಟ್ಟಿಯಾಗುತ್ತದೆ. ನೀರು ಬೇಗ ಆರಿಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕಾಗಿ ಕಟ್ಟಿದ ಗೋಡೆಗೆ ವಾರಕ್ಕೆ ಕಡಿಮೆ ಇಲ್ಲದೆ ನೀರು ಹಾಕಬೇಕು. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುವುದು ರೂಢಿ, ಆದರೆ ಬಲ ಕೂಡುತ್ತ ಹೋಗುವುದು ಅಲ್ಲಿಗೆ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಕಲಸಿದ ಗಾರೆಗೆ ತಾಳ್ಮೆ ಇಲ್ಲ. ಬಿಗಿಯತೊಡಗುವ ಮೊದಲೇ ಅದನ್ನು ಬಳಸಿ ಮುಗಿಸಬೇಕು. ಹೀಗೆ ಒಂದೇ ವಸ್ತು ಈ ಗಳಿಗೆ ಅವಸರ ಮಾಡು ಎನ್ನುತ್ತದೆ, ಮರುಗಳಿಗೆ ಕಾಯಿ ಎನ್ನುತ್ತದೆ. ಯಾವಾಗ ಯಾವುದು ಎಂಬುದು ಕಟ್ಟುವವನ ಇಷ್ಟಕ್ಕೆ ಬಿಟ್ಟ ಮಾತಲ್ಲ. ಗಂಟೆಗಳನ್ನು ಪಾಠದ ಅವಧಿಗಳನ್ನಾಗಿ ಕತ್ತರಿಸಿ ಬದುಕಿದ ನನಗೆ, ಕಾಲಕ್ಕೂ ಒಂದು ಒಳಗಿನ ನಡಿಗೆ ಇದೆ, ಅದಕ್ಕೆ ಹೆಜ್ಜೆ ಹೊಂದಿಸಿಕೊಂಡು ನಡೆಯುವುದೂ ಒಂದು ವಿದ್ಯೆ ಎಂದು ಗೊತ್ತಾದದ್ದು ಆಗ.

ಇಲ್ಲಿಗೆ ನಿಲ್ಲಿಸಿದ್ದರೆ ಉತ್ತರ ಸುಂದರವಾಗಿಯೇ ಇರುತ್ತಿತ್ತು. ವಸ್ತುವಿನ ಸತ್ಯಕ್ಕೆ ತಲೆಬಾಗುವುದನ್ನು ಕಲಿತೆ, ಕಾಲದ ನಡಿಗೆಯನ್ನು ಕಲಿತೆ, ನನ್ನ ಕೈಯಿಂದ ಒಂದು ಕೋಣೆ ಎದ್ದಿತು, ನಾನು ಸ್ವಾವಲಂಬಿಯಾದೆ. ಸ್ವತಃ ಕಟ್ಟಿದವರ ಬರಹಗಳಲ್ಲಿ ಈ ಹೆಮ್ಮೆ ಎಲ್ಲ ಕಾಲದಲ್ಲೂ ಇದೆ. ಅಂಥವರಲ್ಲಿ ಎಲ್ಲರಿಗಿಂತ ಹೆಸರಾದವನು ಅಮೆರಿಕದ ಹೆನ್ರಿ ಡೇವಿಡ್ ಥೋರೋ. ಅವನ ಲೆಕ್ಕವನ್ನು ನಿಧಾನವಾಗಿ ಓದಿದಾಗಲೇ ನನ್ನ ಯೋಚನೆ ಬೇರೆ ದಾರಿ ಹಿಡಿದದ್ದು.

1845ರ ಮಾರ್ಚ್ ಕೊನೆಯಲ್ಲಿ ಥೋರೋ ಒಂದು ಕೊಡಲಿ ಹಿಡಿದು ವಾಲ್ಡನ್ ಕೊಳದ ಬಳಿಯ ಕಾಡಿಗೆ ಹೋದ. ಪೈನ್ ಮರಗಳನ್ನು ಕಡಿದು, ಕೆತ್ತಿ, ತೊಲೆ ಕಂಬ ಮಾಡಿ, ಹತ್ತು ಅಡಿಗೆ ಹದಿನೈದು ಅಡಿಯ ಒಂದು ಕೋಣೆಯ ಮನೆ ಕಟ್ಟಿದ. ಜುಲೈ 4ರಂದು ಅಲ್ಲಿ ವಾಸಕ್ಕೆ ಹೋದ. ಆದ ಖರ್ಚು 28 ಡಾಲರ್ 12½ ಸೆಂಟ್. ಹಲಗೆ, ಇಟ್ಟಿಗೆ, ಸುಣ್ಣ, ಮೊಳೆ ಎಂದು ಪೈಸೆ ಪೈಸೆಯ ಲೆಕ್ಕವನ್ನು 1854ರಲ್ಲಿ ಬಂದ ‘ವಾಲ್ಡನ್’ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಮನುಷ್ಯ ತನ್ನ ಗೂಡನ್ನು ತಾನೇ ಕಟ್ಟಿಕೊಳ್ಳಬಲ್ಲ ಎಂಬುದಕ್ಕೆ ಜಗತ್ತು ಇಂದಿಗೂ ಆ ಮನೆಯನ್ನೇ ಉದಾಹರಣೆ ಕೊಡುತ್ತದೆ.

ಅದೇ ಪುಸ್ತಕ ಇನ್ನೂ ಕೆಲವು ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೊಡಲಿ ಅವನದಲ್ಲ, ಎರವಲು ತಂದದ್ದು. ನೆಲವೂ ಅವನದಲ್ಲ, ಅದು ಗೆಳೆಯ ಎಮರ್ಸನ್ನನದೆಂದು ನಮಗೆ ಗೊತ್ತಿದೆ. ಚೌಕಟ್ಟು ಎತ್ತಿ ನಿಲ್ಲಿಸುವ ದಿನ ಪರಿಚಯದವರು ಬಂದು ಕೈ ಕೊಟ್ಟರು. ಹಲಗೆಗಳು ಬಂದದ್ದು ರೈಲುದಾರಿಯಲ್ಲಿ ದುಡಿಯುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಗುಡಿಸಲಿನಿಂದ. ನಾಲ್ಕೂಕಾಲು ಡಾಲರಿಗೆ ಮಾತಾಯಿತು. ಮರುದಿನ ಬೆಳಗಿನ ಹೊತ್ತಿಗೆ ಕಾಲಿನ್ಸನ ಸಂಸಾರ ತನ್ನ ಹಾಸಿಗೆ, ಕನ್ನಡಿ, ಕೋಳಿಗಳ ಸಮೇತ ಗುಡಿಸಲು ಬಿಟ್ಟಿತು. ಥೋರೋ ಅದನ್ನು ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದ. ಆ ಸಂಸಾರ ಎಲ್ಲಿಗೆ ಹೋಯಿತು ಎಂದು ಪುಸ್ತಕ ಹೇಳುವುದಿಲ್ಲ. ಒಬ್ಬನ ಸ್ವಾವಲಂಬನೆಯ ಮನೆ ಇನ್ನೊಬ್ಬನ ಬಿಚ್ಚಿದ ಮನೆಯಿಂದ ಎದ್ದಿತ್ತು.

ಥೋರೋವನ್ನು ಸಣ್ಣವನಾಗಿಸಲು ನಾನು ಇದನ್ನು ಹೇಳುತ್ತಿಲ್ಲ. ಬಚ್ಚಿಡದೆ ಬರೆದ ಅವನ ಪ್ರಾಮಾಣಿಕತೆಯಿಂದಲೇ ನನಗೆ ನನ್ನ ಗೋಡೆಯನ್ನು ಮತ್ತೊಮ್ಮೆ ನೋಡುವ ಕಣ್ಣು ಬಂತು. ನನ್ನ ಕೊಟ್ಟಿಗೆಯ ಮಾಡಿಗೆ ಹೊದಿಸಿದ್ದು ಹಳೆಯ ಮಂಗಳೂರು ಹೆಂಚು, ಕೆಡವಿದ ಮನೆಯೊಂದರಿಂದ ಕೊಂಡು ತಂದದ್ದು. ಹೆಂಚನ್ನು ಮಗುಚಿದರೆ ಬೆನ್ನ ಮೇಲೆ ಕಾರ್ಖಾನೆಯ ಮುದ್ರೆ. ಅದನ್ನು ಓದಿದಂತೆ ಒಂದು ಇತಿಹಾಸ ಬಿಚ್ಚಿಕೊಳ್ಳುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಬಳಿ, ಹೆಂಚಿನ ಕಾರ್ಖಾನೆ ತೆರೆದರು. ಮತ ಬದಲಿಸಿದ್ದಕ್ಕೆ ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದವರಿಗೆ ಅನ್ನದ ದಾರಿ ಬೇಕಿತ್ತು. ಮಿಶನ್ನಿನ ಮುದ್ರಣ, ನೇಯ್ಗೆ, ಹೆಂಚಿನ ಉದ್ಯಮಗಳ ಹಿಂದೆ ಈ ಕಾರಣವೂ ಇತ್ತು. ನದಿಯ ಜೇಡಿ, ಅಲ್ಲಿ ದುಡಿದ ಸಾವಿರಾರು ಜನರ ಕೈ, ಒಲೆಗೆ ಉರಿದ ಕಾಡಿನ ಸೌದೆ, ಇವೆಲ್ಲ ಸೇರಿ ಒಂದು ಹೆಂಚು. ಅದನ್ನು ರೀಪಿನ ಮೇಲೆ ಸಾಲಾಗಿ ಜೋಡಿಸಿ ‘ಮಾಡು ನಾನೇ ಹೊದಿಸಿದೆ’ ಎಂದರೆ ಎಷ್ಟು ಸತ್ಯ ಹೇಳಿದಂತಾಯಿತು?

ಕಲ್ಲಿನ ಕಥೆಯೂ ಹೀಗೆಯೇ. ಕೋರೆಯಲ್ಲಿ ಇಂದು ಯಂತ್ರ ಕಡಿಯುತ್ತದೆ. ಆದರೂ ಕೆಂಪು ಧೂಳು ನುಂಗುತ್ತ ಕಲ್ಲು ಎಬ್ಬಿಸುವವರು, ಲಾರಿಗೆ ಹೇರುವವರು ಮನುಷ್ಯರೇ. ಕರಾವಳಿಯ ಕಟ್ಟಡದ ಕೆಲಸಗಳಲ್ಲಿ ಉತ್ತರ ಕರ್ನಾಟಕದಿಂದ ಬಂದವರಿದ್ದಾರೆ, ಈಚೆಗೆ ಒಡಿಶಾ, ಬಿಹಾರ, ಬಂಗಾಳದಿಂದ ಬಂದವರೂ. ಊರಿನಲ್ಲಿ ಮಳೆ ಕೈಕೊಟ್ಟದ್ದಕ್ಕೋ ಸಾಲ ಏರಿದ್ದಕ್ಕೋ ಮನೆ ಬಿಟ್ಟು ಬಂದು, ಬೇರೆಯವರ ಮನೆ ಕಟ್ಟುತ್ತಾರೆ. ಕಟ್ಟಡ ಮುಗಿಯುವವರೆಗೆ ಅದರ ಪಕ್ಕದ ತಗಡಿನ ಶೆಡ್ಡು ಅವರ ಮನೆ. ಮುಗಿದ ಮೇಲೆ ಅದನ್ನೂ ಬಿಚ್ಚಿಕೊಂಡು ಮುಂದಿನ ಊರು. ಕಾಲಿನ್ಸನ ಸಂಸಾರ ನೂರೆಂಬತ್ತು ವರ್ಷಗಳಿಂದ ಹೀಗೆ ನಡೆಯುತ್ತಲೇ ಇದೆ.

ಈಗ ನನ್ನ ಪ್ರಶ್ನೆಯ ರೂಪವೇ ಬದಲಾಯಿತು. ಕಲ್ಲು ಹೊರುವುದರಲ್ಲಿ ನಾನು ಅರ್ಥ ಹುಡುಕುತ್ತಿದ್ದೆ. ಅದೇ ಕಲ್ಲನ್ನು ದಿನಗೂಲಿಗೆ ಹೊರುವ ಹೆಂಗಸಿನ ಮುಂದೆ ನಿಂತು ಆ ಅರ್ಥದ ಮಾತು ಆಡಬಲ್ಲೆನೇ? ಬೆನ್ನು ನೋವಾದ ದಿನ ನಾನು ಕೆಲಸ ನಿಲ್ಲಿಸಿ ಒಳಗೆ ಹೋಗಿ ಮಲಗಬಹುದು. ಅವಳು ನಿಲ್ಲಿಸಿದರೆ ಅಂದಿನ ಅಕ್ಕಿ ಇಲ್ಲ. ಬಿಡುವ ಸ್ವಾತಂತ್ರ್ಯ ಇದ್ದುದರಿಂದಲೇ ನನ್ನ ದುಡಿಮೆ ನನಗೆ ಧ್ಯಾನದ ಹಾಗೆ ಕಂಡಿತು. ದೈಹಿಕ ಶ್ರಮವನ್ನು ಹಾಡಿಹೊಗಳುವ ಬಹಳಷ್ಟು ಬರಹ ಈ ಒಂದು ವ್ಯತ್ಯಾಸವನ್ನು ದಾಟಿಕೊಂಡು ಹೋಗುತ್ತದೆ. ದಾಟಬಾರದು. ದುಡಿಮೆಯ ಅರ್ಥ ಕುರಿತು ಯೋಚಿಸುವವರು ಮೊದಲು ನಿಲ್ಲಬೇಕಾದ ಜಾಗ ಅದು.

ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಈ ಜಾಗದಲ್ಲಿ ನಿಂತೇ ಮಾತಾಡಿದರು. ಕಾಯಕದ ಘನತೆಯ ಮಾತು ಅವರ ಬಾಯಲ್ಲಿ ಬಂದಾಗ ಅದಕ್ಕೆ ತೂಕವಿದ್ದುದು, ಅದನ್ನು ಆಡಿದವರಲ್ಲಿ ಬಟ್ಟೆ ಒಗೆಯುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ ಇದ್ದುದರಿಂದ. ನುಲಿಯ ಚಂದಯ್ಯನ ಬಗ್ಗೆ ಒಂದು ಕಥೆಯಿದೆ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿತ್ತು. ಅವನು ಅದನ್ನು ಹಿಂತಿರುಗಿ ನೋಡದೆ ಕಾಯಕಕ್ಕೆ ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬಂತು. ಕೊನೆಗೆ ಲಿಂಗಕ್ಕೂ ಅವನು ಕಾಯಕ ಹಚ್ಚಿದ. ದೇವರಿಗೂ ದುಡಿಮೆಯಿಂದ ವಿನಾಯಿತಿ ಇಲ್ಲ ಎಂದು ಹೇಳುವ ಎದೆಗಾರಿಕೆ ಆ ಕಥೆಯದು. ದುಡಿಯುವವನನ್ನು ಜಗಲಿಯಿಂದ ದೂರ ಇಟ್ಟ ಸಮಾಜಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಆ ಉತ್ತರವನ್ನು ನಾವು ಉಳಿಸಿಕೊಳ್ಳಲಿಲ್ಲ. ಅಂಬೇಡ್ಕರರು 1936ರಲ್ಲಿ ‘ಜಾತಿ ವಿನಾಶ’ದಲ್ಲಿ, ಜಾತಿಯು ಕೆಲಸಗಳನ್ನಷ್ಟೇ ಹಂಚಿಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆದಿಟ್ಟಿದೆ ಎಂದು ತೋರಿಸಿಕೊಟ್ಟರು. ಮರುವರ್ಷ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಕೊಡುವ ಯೋಜನೆಯನ್ನು ಮುಂದಿಟ್ಟರು. ಇಬ್ಬರ ದಾರಿ ಬೇರೆ, ಇಬ್ಬರ ನಡುವೆ ಜಗಳವೂ ದೊಡ್ಡದು. ಆದರೂ ಕೈಗೂ ತಲೆಗೂ ನಡುವೆ ನಾವು ಎಬ್ಬಿಸಿದ ಗೋಡೆಯನ್ನು ಇಬ್ಬರೂ ಕಂಡಿದ್ದರು. ನಾನು ಕಲಿತ, ಕಲಿಸಿದ ಶಾಲೆಗಳಲ್ಲಿ ಆ ಗೋಡೆ ಹಾಗೆಯೇ ಇತ್ತು. ಓದದಿದ್ದರೆ ಕಲ್ಲು ಹೊರಲು ಹೋಗಬೇಕಾದೀತು ಎಂಬ ಬೆದರಿಕೆಯನ್ನು ಮಕ್ಕಳು ಮನೆಯಲ್ಲೂ ಕೇಳುತ್ತಾರೆ, ಶಾಲೆಯಲ್ಲೂ ಕೇಳುತ್ತಾರೆ. ಕಲ್ಲು ಹೊರುವವರ ಮಕ್ಕಳೂ ಅದೇ ತರಗತಿಯಲ್ಲಿ ಕೂತು ಕೇಳುತ್ತಾರೆ.

ಸರಕಾರದ ಕನಿಷ್ಠ ವೇತನದ ಪಟ್ಟಿ ಕೆಲಸಗಾರರನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸುತ್ತದೆ. ಗಾರೆ ಕಲಸುವವರು, ಬಾಣಲೆ ಹೊರುವವರು ಸಾಮಾನ್ಯವಾಗಿ ಕೊನೆಯ ಸಾಲಿಗೆ ಸೇರುತ್ತಾರೆ. ಕಟ್ಟಲು ಇಳಿಯುವ ಮೊದಲು ಆ ಕೊನೆಯ ಮಾತು ನನ್ನ ಕಣ್ಣಿಗೆ ಚುಚ್ಚಿರಲಿಲ್ಲ. ಈಗ ಓದಲಾಗುವುದಿಲ್ಲ. ಮರಳಿನಲ್ಲಿ ತೇವ ಎಷ್ಟಿದೆ ಎಂದು ಹಿಡಿಯಲ್ಲಿ ಹಿಚುಕಿ ತಿಳಿದು ಅದಕ್ಕೆ ತಕ್ಕ ನೀರು ಹಾಕುವುದು, ಸಲಿಕೆಯ ಮೇಲೆ ಗಾರೆ ಜಾರುವ ಪರಿ ನೋಡಿ ಹದ ಹೇಳುವುದು, ತುಂಬಿದ ಬಾಣಲೆ ತಲೆಯ ಮೇಲಿಟ್ಟು ಅಡ್ಡಹಲಗೆಯ ಮೇಲೆ ಕೈಬಿಟ್ಟು ನಡೆಯುವುದು, ಇವು ಕುಶಲವಲ್ಲದಿದ್ದರೆ ಕುಶಲ ಯಾವುದು? ಈ ತಿಳಿವಳಿಕೆಗೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಅದನ್ನು ಕಾಣುವ ಕಣ್ಣು ಪಟ್ಟಿ ಬರೆದವರಿಗೆ ಇರಲಿಲ್ಲ. ನನಗೂ ಆ ಕಣ್ಣು ಬಂದದ್ದು ನನ್ನ ಕೈ ಆ ಕೆಲಸ ಮಾಡಿ ದಣಿದ ಮೇಲೆಯೇ.

ಹಾಗಾದರೆ ಸ್ವತಃ ಕಟ್ಟುವುದರ ಅರ್ಥ ಇಲ್ಲಿದೆ ಎಂದು ನಾನು ನಂಬುತ್ತೇನೆ. ಒಬ್ಬಂಟಿಯಾಗಿ ನಿಲ್ಲಬಲ್ಲೆ ಎಂದು ಸಾಧಿಸಲು ಹೊರಟವನಿಗೆ, ತಾನು ಎಂದೂ ಒಬ್ಬಂಟಿಯಾಗಿ ನಿಂತಿರಲಿಲ್ಲ ಎಂಬುದು ಕೈಗೆ ಸಿಗುತ್ತದೆ. ಹಣ ಕೊಟ್ಟು ಕೊಂಡಾಗ ಋಣ ಕಾಣುವುದಿಲ್ಲ. ರಶೀದಿ ಅದನ್ನು ತೀರಿದಂತೆ ತೋರಿಸುತ್ತದೆ. ತಾನೇ ಮಾಡಲು ಹೊರಟಾಗ ಹೆಜ್ಜೆ ಹೆಜ್ಜೆಗೂ ಯಾರದೋ ಕೈ ಎದುರಾಗುತ್ತದೆ. ಕಲ್ಲು ಕಡಿದ ಕೈ, ಹೆಂಚು ಒತ್ತಿದ ಕೈ, ಉಳಿಯ ಅಲಗನ್ನು ಕುಲುಮೆಯಲ್ಲಿ ಹದಗೊಳಿಸಿದ ಕೈ, ಮೂರು ನಾಲ್ಕು ಐದರ ದಾರ ಹಿಡಿದ ಹೆಸರಿಲ್ಲದ ಕೈಗಳು. ಮಾರುಕಟ್ಟೆ ಅಳಿಸಿಹಾಕಿದ ಈ ಗುರುತುಗಳನ್ನು ಮತ್ತೆ ಮೂಡಿಸಿಕೊಳ್ಳಲು ಸ್ವತಃ ಮಾಡುವುದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ. ಅಷ್ಟರಮಟ್ಟಿಗೆ ಅದು ಬಿಡುವಿದ್ದವರ ವಿನೋದಕ್ಕಿಂತ ದೊಡ್ಡದು.

ಋಣ ಕಂಡ ಮೇಲೆ ಸುಮ್ಮನಿರುವ ಹಾಗಿಲ್ಲ. ಕಟ್ಟಡ ಕಾರ್ಮಿಕರ ಹಿತಕ್ಕೆಂದು 1996ರಲ್ಲಿ ದೇಶದಲ್ಲಿ ಒಂದು ಕಾಯ್ದೆ ಬಂತು, ಕಟ್ಟಡದ ವೆಚ್ಚದ ಮೇಲೆ ಸೆಸ್ ವಿಧಿಸಿ ಅವರಿಗಾಗಿ ನಿಧಿ ಕೂಡಿಸುವ ವ್ಯವಸ್ಥೆಯೂ ಬಂತು. ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗಳನ್ನು ಆ ಕಾಯ್ದೆ ಹೊರಗಿಟ್ಟಿತು. ಹಿತ್ತಲಿನ ಕೊಟ್ಟಿಗೆಯಂಥ ಸಣ್ಣ ಕೆಲಸಗಳಲ್ಲಿ ಯಾರ ಬೆವರು ಎಷ್ಟು ಎಂಬುದು ಯಾವ ಕಡತದಲ್ಲೂ ಬರೆದಿರುವುದಿಲ್ಲ. ಬರೆದುಕೊಳ್ಳಬೇಕಾದ್ದು ಕಟ್ಟಿಸಿದವರ ಮನಸ್ಸಿನಲ್ಲೇ. ಮೇಸ್ತ್ರಿ ಹೇಳಿದ ಕೂಲಿಗೆ ಚೌಕಾಸಿ ಮಾಡುವ ಮುನ್ನ 30 ಕಿಲೋ ಕಲ್ಲಿನ ನೆನಪು ಬರಬೇಕು. ಕೆಲಸಕ್ಕೆ ಬಂದವರಿಗೆ ಊಟ ಕೊಡುವ ಜಾಗ, ನೀರು ಕೊಡುವ ಲೋಟ, ಕರೆಯುವ ದನಿ ಬದಲಾಗಬೇಕು. ಬದಲಾಗದಿದ್ದರೆ ನಾನು ಕಟ್ಟಿದ್ದು ನಾಲ್ಕು ಗೋಡೆ ಮಾತ್ರ.

ಇನ್ನು ಆ ಕೋಣೆಯೊಳಗೆ ನಡೆಯಬೇಕಾದ ಕೆಲಸ. ವಾಸದ ಮನೆಗೆ ಗೃಹಪ್ರವೇಶದ ದಿನ ಒಂದು ಮುಕ್ತಾಯವಿದೆ. ಕೆಲಸದ ಕೊಟ್ಟಿಗೆಗೆ ಅಂಥ ದಿನವಿಲ್ಲ. ಅದು ಮುಗಿದ ದಿನವೇ ಅದರ ಕೆಲಸ ಶುರು. ಮಹಾನವಮಿಯಂದು ಉಳಿ, ಗರಗಸ, ಸುತ್ತಿಗೆಗಳನ್ನು ತೊಳೆದು, ಕುಂಕುಮವಿಟ್ಟು, ಆ ದಿನ ಅವುಗಳಿಂದ ಕೆಲಸ ತೆಗೆಯದೆ ಬಿಡುವ ಪದ್ಧತಿ ನಮ್ಮಲ್ಲಿದೆ. ಆಯುಧಕ್ಕೂ ವಿಶ್ರಾಂತಿ ಕೊಡಬೇಕೆಂದು ಅರಿತ ಜನ ನಾವು, ಅದನ್ನು ಹಿಡಿದ ಮನುಷ್ಯನಿಗೆ ಕೊಡಬೇಕಾದ್ದನ್ನು ಮರೆತೆವು. ಆ ಪೂಜೆಗೆ ಮತ್ತೆ ಅರ್ಥ ಬರಬೇಕಾದರೆ ವರ್ಷದ ಉಳಿದ ದಿನಗಳಲ್ಲಿ ಆ ಆಯುಧಗಳು ಯಾರಿಗೆ ಒದಗುತ್ತವೆ ಎಂದು ಕೇಳಿಕೊಳ್ಳಬೇಕು. ನನ್ನೊಬ್ಬನ ಕಪಾಟು ಮಾಡಿಕೊಳ್ಳಲು ಒಂದು ಕೋಣೆ ಬೇಕಿರಲಿಲ್ಲ. ನೆರೆಮನೆಯ ಮುರಿದ ಮಣೆ, ಶಾಲೆಯ ಅಲ್ಲಾಡುವ ಬೆಂಚು, ಅಂಗನವಾಡಿಯ ಕೀಲು ಕಿತ್ತ ಬಾಗಿಲು ಅಲ್ಲಿಗೆ ಬರಬೇಕು. ಕೈಗೆ ಕೆಲಸ ಕಲಿಯಬೇಕೆಂಬ ಆಸೆಯ ಮಕ್ಕಳು, ಹುಡುಗಿಯರೂ ಹುಡುಗರೂ, ಯಾವ ಮನೆಯವರಾದರೂ, ಮುಂಬಾಗಿಲಿನಿಂದಲೇ ಬಂದು ಉಳಿ ಹಿಡಿಯಬೇಕು. ಅಂಗಳ, ಹಿತ್ತಲುಗಳನ್ನು ಬೇರೆ ಮಾಡಿದ ಹಳೆಯ ಲೆಕ್ಕ ಅಂಥ ಕಡೆಯಾದರೂ ಅಳಿಸಿಹೋಗಲಿ.

ಥೋರೋ ಎರವಲು ತಂದ ಕೊಡಲಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಿದ್ದಾನೆ: ತಂದದ್ದಕ್ಕಿಂತ ಹರಿತ ಮಾಡಿ ಅದನ್ನು ಮರಳಿಸಿದನಂತೆ. ಸ್ವಂತ ಕೈಯಿಂದ ಕಟ್ಟಬೇಕೆನ್ನುವ ಯಾರಿಗೂ ಇದಕ್ಕಿಂತ ಪೂರ್ಣವಾದ ಧರ್ಮ ಬೇಡ. ನೆಲ ಎರವಲು, ಕಲ್ಲು ಎರವಲು, ವಿದ್ಯೆ ಎರವಲು, ಕೊನೆಗೆ ಕೈಯ ಬಲವೂ ನಾಲ್ಕು ದಿನದ ಎರವಲು. ಯಾವುದನ್ನೂ ನಾನೇ ಮಾಡಿದೆ ಎನ್ನುವ ಹಾಗಿಲ್ಲ. ನನ್ನ ಕೈಗೆ ಬಂದದ್ದು ನನ್ನ ಕೈಯಲ್ಲಿ ಇನ್ನಷ್ಟು ಹರಿತವಾಯಿತು, ಅದನ್ನು ಮುಂದಿನವರ ಕೈಗೆ ಕೊಟ್ಟೆ ಎಂದು ಹೇಳುವಂತಾದರೆ ಸಾಕು. ಅದನ್ನು ಹೇಳುವ ಅರ್ಹತೆ ಇನ್ನೂ ನನಗೆ ಬಂದಿಲ್ಲ. ಅದನ್ನು ಗಳಿಸಲು ಬೇಕಾದ ಕೋಣೆ ಈಗ ಇದೆ.